ನಾಲ್ಕರಿಂದ ಭಾಗಿಸಲಾಗದ ಮಳೆ

ನಮ್ಮ ಮನೆಯಲ್ಲಿ ಒಂದು ಲೆಕ್ಕವಿದೆ. ನಾನು ಏನು ಹೇಳಿದರೂ ಅದನ್ನು ನಾಲ್ಕರಿಂದ ಭಾಗಿಸಿಕೊಳ್ಳಬೇಕು. ಇದನ್ನು ಕಂಡುಹಿಡಿದವಳು ನನ್ನ ಅಕ್ಕ. ಒಮ್ಮೆ ನಾನು ಅಂಗಡಿಯ ಹಿತ್ತಲಲ್ಲಿ ಎಂಟಡಿಯ ಹಾವಿನ ಜೊತೆ ಬರಿಗೈಯಲ್ಲಿ ಸೆಣಸಿದ್ದನ್ನು ಹೇಳುತ್ತಿದ್ದಾಗ ಅವಳು ಎದ್ದು ಹೋಗಿ, ಎರಡಡಿಯ ನೀರಿನ ಪೈಪನ್ನು ಎತ್ತಿಕೊಂಡು ಬಂದು ನನ್ನ ಮುಂದೆ ಹಾಕಿದಳು. ಅಂದಿನಿಂದ ಮನೆಯಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ನನ್ನ ಮಾತನ್ನು ನಾಲ್ಕರಿಂದ ಭಾಗಿಸಿಯೇ ಕಿವಿಗೆ ಹಾಕಿಕೊಳ್ಳುತ್ತಾರೆ. ನೀವೂ ಬೇಕಾದರೆ ಭಾಗಿಸಿಕೊಳ್ಳಿ, ನನಗೆ ಬೇಸರವಿಲ್ಲ.

ಆದರೆ ಕೈಯಲ್ಲಿ ಟೇಪು ಇದ್ದಾಗ ನಾನು ಹೇಳಿದ ಅಂಕಿಯನ್ನು ಮಾತ್ರ ಯಾರೂ ಮುಟ್ಟಕೂಡದು. ನಾನು ದರ್ಜಿ. ಬಾಯಿ ಎಷ್ಟು ಬೇಕಾದರೂ ಹಿಗ್ಗಲಿ, ಸೊಂಟವನ್ನು ಹಿಗ್ಗಿಸಿ ಬರೆದರೆ ಪ್ಯಾಂಟು ನಡುಬೀದಿಯಲ್ಲಿ ಕಳಚಿ ಬೀಳುತ್ತದೆ. ಮೂವತ್ತು ವರ್ಷದಿಂದ ನನ್ನ ಕೊರಳಲ್ಲಿರುವುದು ಒಂದೇ ಹಳದಿ ಬಟ್ಟೆಯ ಟೇಪು. ಅದರಲ್ಲೇ ಮೈ ಅಳೆದಿದ್ದೇನೆ, ಅದರಲ್ಲೇ ಬಟ್ಟೆ ಅಳೆದು ಕತ್ತರಿಸಿದ್ದೇನೆ. ನಾನು ಹೊಲಿದ ಒಂದು ಲಕ್ಷ ಪ್ಯಾಂಟುಗಳಲ್ಲಿ ಒಂದೂ ವಾಪಸ್ ಬಂದಿಲ್ಲ.

ಅಂಗಡಿ ಚಿಕ್ಕದು. ಕಿಟಕಿಯ ಪಕ್ಕ ಮಷೀನು, ಗೋಡೆಗೆ ನಿಲುವುಗನ್ನಡಿ, ಬಿಸ್ಕತ್ತಿನ ಡಬ್ಬಗಳಲ್ಲಿ ಗುಂಡಿ, ಮೂಲೆಯಲ್ಲಿ ತುಂಡುಬಟ್ಟೆಯ ಗೋಣಿಚೀಲ. ಮಳೆಗಾಲದಲ್ಲಿ ಹೊಲಿಯುವುದೆಲ್ಲ ರೇನ್‌ಕೋಟೇ. ಮಳೆ ನಿಲ್ಲಲೆಂದು ಒಳಗೆ ಬಂದ ಗಿರಾಕಿಗಳಿಗೆ ಹೊತ್ತು ಹೋಗಬೇಕಲ್ಲ, ಅದಕ್ಕೆ ನಾನು ಎದುರಿನ ದೊಡ್ಡ ಗುಡ್ಡ ಹತ್ತಿದ ಕಥೆ ಹೇಳುತ್ತಿದ್ದೆ. ಆ ಗುಡ್ಡ ವರ್ಷಕ್ಕೆ ನಾಲ್ಕು ದಿನವಷ್ಟೇ ಮೋಡದಿಂದ ಮುಖ ಹೊರಗೆ ಹಾಕುತ್ತದೆ. ಅದನ್ನು ನಾನು ನಾಲ್ಕು ಸಲ ಹತ್ತಿದ್ದೆ. ಮೊದಲನೇ ಸಲ ಒಂಟಿಕಾಲಲ್ಲಿ.

ಈ ಕಥೆಯನ್ನು ಅಂಬೆಗಾಲಿಡುವಾಗಿನಿಂದ ಕೇಳಿ ಬೆಳೆದವಳು ಅಕ್ಕನ ಮಗಳು ಚೋಟಿ. ಹುಟ್ಟಿದಾಗ ಚೋಟುದ್ದ ಇದ್ದಳು, ಈಗಲೂ ನನ್ನ ಭುಜಕ್ಕೆ ಬರುವುದಿಲ್ಲ, ಆದರೆ ನಡಿಗೆ ಮಾತ್ರ ರೈಲಿನದು. ಅವಳಿಗೆ ಹವಾಮಾನ ಕಚೇರಿಯಲ್ಲಿ ಮಳೆ ಅಳೆಯುವ ಕೆಲಸ. ಗುಡ್ಡದ ನೆತ್ತಿಯಲ್ಲಿ ಆಳುದ್ದದ ಒಂದು ಉಕ್ಕಿನ ಕೊಳವೆ ನೆಟ್ಟಿದ್ದಾರೆ. ತಿಂಗಳಿಡೀ ಬಿದ್ದ ಮಳೆ ಅದರಲ್ಲಿ ನಿಲ್ಲುತ್ತದೆ. ತಿಂಗಳಿಗೊಮ್ಮೆ ಹತ್ತಿ, ಎಷ್ಟು ನಿಂತಿದೆ ಎಂದು ಕೋಲು ಇಳಿಸಿ ನೋಡಿ, ನೀರು ಖಾಲಿ ಮಾಡಿ ಬರಬೇಕು. ಕೆಲಸಕ್ಕೆ ಸೇರಿದ ಮೇಲೆ ಚೋಟಿ ಎರಡು ಸಲ ಹೋಗಿಬಂದಿದ್ದಳು, ಎರಡೂ ಸಲ ಬೇಸಗೆಯಲ್ಲಿ, ದಾರಿ ತೋರಿಸುವ ಗುಡ್ಡದ ತಾತನ ಬೆನ್ನ ಹಿಂದೆ.

ಈ ಮಳೆಗಾಲದಲ್ಲಿ ಕಚೇರಿಯಿಂದ ಒಂದು ಕಾಗದ ಬಂತು. ಎರಡು ಗುಡ್ಡಗಳಲ್ಲಿ ಎರಡು ಕೊಳವೆ ಇಟ್ಟುಕೊಳ್ಳಲು ಆಗುವುದಿಲ್ಲವಂತೆ. ಈ ತಿಂಗಳು ಯಾವ ಗುಡ್ಡದಲ್ಲಿ ಮಳೆ ಹೆಚ್ಚೋ ಅಲ್ಲಿನ ಕೊಳವೆ ಉಳಿಯುತ್ತದೆ, ಇನ್ನೊಂದನ್ನು ಕೀಳುತ್ತಾರೆ. ಆಚೆ ಗುಡ್ಡದ ಅಳತೆ ಆಗಲೇ ಬಂದಾಗಿತ್ತು: ಒಂದು ಮೀಟರ್ ನಲವತ್ತೆಂಟು ಸೆಂಟಿಮೀಟರ್. ನಮ್ಮದು ಶನಿವಾರದೊಳಗೆ ತಲುಪಬೇಕು. ಕೊಳವೆ ಕಿತ್ತರೆ ಚೋಟಿಯನ್ನೂ ಕಿತ್ತು, ದೂರದ ಶಹರದಲ್ಲಿ ಕಿಟಕಿಯಿಲ್ಲದ ಕೋಣೆಯಲ್ಲಿ ಬೇರೆಯವರು ಅಳೆದ ಮಳೆಯನ್ನು ನಕಲು ಮಾಡಲು ಕೂರಿಸುತ್ತಾರೆ. ಆ ಹುಡುಗಿಗೆ ಗುಡ್ಡವೆಂದರೆ ಪ್ರಾಣ. ಕಾಗದ ಬಂದಂದಿನಿಂದ ಅವಳು ಊಟದ ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂರುತ್ತಿದ್ದಳು.

ಇದರ ಮೇಲೆ, ಗುಡ್ಡದಲ್ಲಿ ನಲವತ್ತು ವರ್ಷ ಒಮ್ಮೆಯೂ ಜಾರದ ತಾತ ತನ್ನ ಮನೆಯ ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡು ಮಲಗಿದ. ಒಬ್ಬರೇ ಹತ್ತಕೂಡದೆಂಬುದು ಕಚೇರಿಯ ನಿಯಮ. ಬುಧವಾರ ಸಂಜೆ ಚೋಟಿ ತೊಯ್ದ ಛತ್ರಿ ಮಡಚಿಕೊಂಡು ಅಂಗಡಿಗೆ ಬಂದಳು. ಆಗ ಒಳಗೆ ಎಂಟು ಜನ ಗಿರಾಕಿಗಳಿದ್ದರು. ಅದರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು, ಹೊಸ ಪ್ಯಾಂಟಿಗೆ ಅಳತೆ ಕೊಡಲು ಕೈ ಮೇಲೆತ್ತಿ ನಿಂತಿದ್ದರು.

"ಮಾಮ, ನಾಳೆ ಬೆಳಿಗ್ಗೆ ಐದಕ್ಕೆ ಹೊರಡೋಣ. ನಿಂಗೆ ದಾರಿ ಗೊತ್ತಲ್ಲ."

ನನ್ನ ಬಾಯಿಯಲ್ಲಿದ್ದ ಗುಂಡುಪಿನ್ನು ಒಳಗೆ ಹೋಗುವುದರಲ್ಲಿತ್ತು. ಮಂಡಿನೋವು, ಹೊಲಿಯಬೇಕಾದ ರೇನ್‌ಕೋಟುಗಳ ರಾಶಿ, ಮಷೀನಿಗೆ ಬಂದ ಕೆಮ್ಮು, ಒಂದೊಂದಾಗಿ ಎಲ್ಲವನ್ನೂ ಮುಂದಿಟ್ಟೆ. ಮೇಷ್ಟ್ರು ಎತ್ತಿದ ಕೈ ಇಳಿಸದೆಯೇ, "ಹೋಗಿಬನ್ನಿ ಟೈಲರ್ರೇ, ಒಂಟಿಕಾಲಲ್ಲಿ ಹತ್ತಿದೋರಿಗೆ ಈಗ ಎರಡು ಕಾಲಿದೆಯಲ್ಲ," ಎಂದರು. ಮರ್ಯಾದೆಯ ಪ್ರಶ್ನೆ ಬಂದಾಗ ನನ್ನ ವಂಶದಲ್ಲಿ ಯಾರೂ ಹಿಂದೆ ಸರಿದದ್ದಿಲ್ಲ. ಒಪ್ಪಿಕೊಂಡೆ.

ಎಂಟು ದಿನಕ್ಕಾಗುವಷ್ಟು ಊಟ, ಹನ್ನೆರಡು ಜೊತೆ ಕಾಲುಚೀಲ ಬೇಕೆಂದು ಅಕ್ಕನಿಗೆ ಹೇಳಿದೆ. ಅವಳು ತುಟಿ ಅಲ್ಲಾಡಿಸಿ ಲೆಕ್ಕ ಹಾಕಿ, ಎರಡು ದಿನದ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಮೂರು ಜೊತೆ ಕಾಲುಚೀಲ ಕಟ್ಟಿಕೊಟ್ಟಳು.

ಮರುದಿನ ಸುರಿದ ಮಳೆಯನ್ನು ಹೇಗೆ ವರ್ಣಿಸಲಿ? ಹನಿ ಒಂದೊಂದೂ ತೆಂಗಿನಕಾಯಿ ಗಾತ್ರ. ಬಿಟ್ಟ ಉಸಿರು ಮೂಗಿನ ತುದಿಯಲ್ಲೇ ಒದ್ದೆಯಾಗುತ್ತಿತ್ತು. ಜಿಗಣೆಗಳು ಸಾಲಾಗಿ ನಿಂತು ನನಗಾಗಿ ಕಾಯುತ್ತಿದ್ದವು, ಆದರೆ ನನ್ನ ರಕ್ತದ ಕಾವಿಗೆ ಬಾಯಿ ಸುಟ್ಟುಕೊಂಡು ಒಂದೊಂದಾಗಿ ಉದುರಿಹೋದವು. ಚೋಟಿ ಅವುಗಳ ಮೇಲೆ ಉಪ್ಪು ಎರಚಿದ್ದು ನಿಜ. ಅದು ಆಮೇಲೆ. ಕಚೇರಿಯ ಅಳತೆಕೋಲನ್ನು ನಾನೇ ಹೊತ್ತಿದ್ದೆ. ಎರಡು ಮೀಟರ್ ಉದ್ದದ, ಹಿತ್ತಾಳೆಯ ಗೆರೆಗಳಿದ್ದ ಆ ಮರದ ಕೋಲಿಗೆ ನಾನೇ ಒಂದು ಚೀಲ ಹೊಲಿದುಕೊಟ್ಟಿದ್ದೆ. ಅದನ್ನು ಊರಿಕೊಂಡು ನಡೆದರೆ ಮುಂದಾಳಿನ ಗತ್ತು ಬರುತ್ತಿತ್ತು.

ಎರಡು ಗಂಟೆ ಏರಿದ ಮೇಲೆ ದಾರಿ ಕವಲೊಡೆಯಿತು. ಎಡವೋ ಬಲವೋ? ಮುಖದ ಮೇಲೆ ಒಂದು ಚೂರೂ ಅನುಮಾನ ತೋರಿಸದೆ ಎಡಕ್ಕೆ ತಿರುಗಿದೆ. ಮುಕ್ಕಾಲು ಗಂಟೆ ನಡೆದ ಮೇಲೆ ಕೆಸರಿನಲ್ಲಿ ಬೂಟಿನ ಗುರುತುಗಳು ಕಂಡವು. ನಮಗಿಂತ ಮೊದಲೇ ಯಾರೋ ಇಬ್ಬರು ಸಾಹಸಿಗಳು ಬಂದಿದ್ದಾರೆ, ಅದರಲ್ಲಿ ಒಬ್ಬನಂತೂ ಒಳ್ಳೆಯ ಆಜಾನುಬಾಹುವೇ ಇರಬೇಕು ಎಂದು ಚೋಟಿಗೆ ತೋರಿಸಿದೆ. ಅವಳು ತನ್ನ ಬೂಟನ್ನು ಚಿಕ್ಕ ಗುರುತಿನೊಳಗೆ ಇಟ್ಟಳು. ಅಚ್ಚು ಹಾಕಿದಂತೆ ಕೂತಿತು. ನಾವು ಒಂದು ಸುತ್ತು ಹೊಡೆದು ಅದೇ ಕವಲಿಗೆ ಬಂದಿದ್ದೆವು.

"ಮಾಮ, ನೀನು ಈ ಗುಡ್ಡಕ್ಕೆ ಬಂದೇ ಇಲ್ಲ ಅಲ್ವಾ?"

ರೇನ್‌ಕೋಟಿನ ಒಳಗೆ ನಾನು ಗೇಣುದ್ದವಾದೆ. ಬುಡದಲ್ಲಿರುವ ಚಹಾದಂಗಡಿಯವರೆಗೆ ಬಂದಿದ್ದೆ, ಅದೂ ಬಸ್ಸಿನಲ್ಲಿ, ಎಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾಲ್ಕು ಸಲ ಅಂತಿದ್ದೆ. ನಾಲ್ಕರಿಂದ ಭಾಗಿಸಿದ್ರೂ ಒಂದು ಉಳಿಯುತ್ತಲ್ಲ ಅಂತ ನಂಬ್ಕೊಂಡು ಕರ್ಕೊಂಡು ಬಂದೆ," ಎಂದಳು. "ಬೇಸಗೇಲಿ ಬಂದಾಗ ನಾನು ಈ ಕವಲನ್ನ ಗಮನಿಸೇ ಇರ್ಲಿಲ್ಲ. ತಾತ ಮರಕ್ಕೆ ಕಟ್ಟಿದ ಬಟ್ಟೆ ನೋಡ್ಕೊಂಡು ಹೋಗ್ತಿದ್ದ. ಈಗ ನೋಡಿದ್ರೆ ಎರಡೂ ಕಡೆ ಬಟ್ಟೆ ಕಟ್ಟಿದೆ."

ತಲೆ ಎತ್ತಿ ನೋಡಿದೆ. ಹೌದು, ಎರಡೂ ದಾರಿಯ ಮರಗಳಿಗೆ ಬಟ್ಟೆಯ ಪಟ್ಟಿಗಳು ಜೋತುಬಿದ್ದಿದ್ದವು. ಎಡಗಡೆಯದನ್ನು ಬೆರಳಲ್ಲಿ ಉಜ್ಜಿ ನೋಡಿದ್ದೇ ತಡ, ನನ್ನ ಕುಗ್ಗಿದ ಮೈ ಮತ್ತೆ ಹಿಗ್ಗಿತು. ಆ ಚೌಕಳಿ ಬಟ್ಟೆ ನನ್ನ ಅಂಗಡಿಯದು. ಗುಡ್ಡದ ತಾತ ವರ್ಷಕ್ಕೊಮ್ಮೆ ಬಂದು ತುಂಡುಬಟ್ಟೆಯ ಚೀಲದಿಂದ ಒಂದು ಹಿಡಿ ಕೇಳಿ ಒಯ್ಯುತ್ತಿದ್ದ. ದಿಂಬಿಗೆ ತುಂಬುತ್ತಾನೆಂದುಕೊಂಡಿದ್ದೆ. ಈ ಚೌಕಳಿಯಲ್ಲಿ ನಾನು ಮೇಷ್ಟ್ರಿಗೆ ಅಂಗಿ ಹೊಲಿದು ಏಳು ವರ್ಷವಾಗಿತ್ತು. ಬಲಗಡೆಯದೋ, ನೀಲಿ ರೇನ್‌ಕೋಟಿನ ಬಟ್ಟೆ, ಈ ವರ್ಷವೇ ಅಂಗಡಿಗೆ ಬಂದ ಥಾನು. ಅಂದಮೇಲೆ ಎಡಗಡೆಯದು ತಾತ ಬಿಟ್ಟ ಹಳೆಯ ದಾರಿ, ಬಲಗಡೆಯದು ಹೊಸದು.

"ಚೋಟಿ, ನನ್ನ ಹಿಂದೆ ಬಾ," ಎಂದೆ. ಈ ಸಲ ಅವಳು ಭಾಗಿಸಲಿಲ್ಲ.

ಅಲ್ಲಿಂದ ಮುಂದೆ ನಾನು ಗುಡ್ಡವನ್ನು ಪುಸ್ತಕದಂತೆ ಓದಿದೆ. ನೀಲಿ ಸಿಕ್ಕಲ್ಲಿ ನಡೆ, ಕಂದು ಕಾಣಿಸಿದರೆ ಬಿಡು, ಅದು ಬ್ಯಾಂಕಿನ ಕಾವಲುಗಾರನ ಹಳೆಯ ಸಮವಸ್ತ್ರ. ಒಂದು ಕಡೆ ಗುಲಾಬಿ ಸ್ಯಾಟಿನ್ ಪಟ್ಟಿ ನೋಡಿ ನಾನೇ ನಿಂತುಬಿಟ್ಟೆ, ಅದು ಅಕ್ಕನ ಮದುವೆಯ ರವಿಕೆಯ ಚೂರು. ಆ ದಾರಿಯಲ್ಲಿ ನೂರಡಿ ಹೋದರೆ ಗುಡ್ಡವೇ ಕುಸಿದು ಕೆಳಗೆ ಬಿದ್ದಿತ್ತು. ಊರಿನವರೆಲ್ಲ ಹಾಕಿ ಹರಿದ ಬಟ್ಟೆಯ ನಡುವೆ ನಡೆಯುತ್ತಾ ಒಬ್ಬೊಬ್ಬರ ಸೊಂಟದ ಸುತ್ತಳತೆ ಹೇಳುತ್ತಾ ಹೋದೆ. ಚೋಟಿ ನಕ್ಕೂ ನಕ್ಕೂ ಎರಡು ಸಲ ಕೆಸರಿನಲ್ಲಿ ಕೂತಳು.

ಇಷ್ಟು ಮೆರೆದವನಿಗೆ ಎಲ್ಲೋ ಒಂದು ಕಡೆ ಪೆಟ್ಟು ಬೀಳಲೇಬೇಕಿತ್ತು. ನೆತ್ತಿಗೆ ಇನ್ನು ಅರ್ಧ ಗಂಟೆಯಿರುವಾಗ ಒಂದು ಹಳ್ಳ ಅಡ್ಡ ಬಂತು. ನೀರು ನನ್ನ ಕತ್ತಿನವರೆಗೆ. ಸರಿ, ಮೊಣಕಾಲಿನವರೆಗೆ, ಆದರೆ ಸೆಳೆತ ಮಾತ್ರ ಕತ್ತಿನದೇ. ಚೋಟಿ ಹಗ್ಗ ಬಿಚ್ಚುತ್ತೇನೆ ತಡಿ ಎನ್ನುತ್ತಿದ್ದಳು. ನಾನು ಆಗಲೇ ಇಳಿದಿದ್ದೆ. ಕಾಲ ಕೆಳಗಿನ ಕಲ್ಲು ಉರುಳಿತು. ಕೋಲನ್ನು ಎರಡು ಬಂಡೆಗಳ ನಡುವೆ ಊರಿ ಜೋತುಬಿದ್ದೆ. ಅದು ಲಟಕ್ಕೆಂದು ಎರಡು ತುಂಡಾಗಿ ಚೀಲದಿಂದ ಜಾರಿತು, ಎರಡೂ ತುಂಡಿನ ಹಿತ್ತಾಳೆಯ ಗೆರೆಗಳು ನನ್ನ ಕಣ್ಣೆದುರೇ ನೀರಿನಲ್ಲಿ ಮಿರುಗುತ್ತಾ ಕೆಳಗೆ ಹೋದವು. ಚೋಟಿ ನನ್ನ ಕಾಲರು ಹಿಡಿದು ದಡಕ್ಕೆ ಎಳೆದಳು.

ನೆತ್ತಿಯ ಗುಡಿಸಲು ತಲುಪುವವರೆಗೆ ಅವಳು ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ, ಇದನ್ನು ಅಕ್ಕ ಇವತ್ತಿಗೂ ನಂಬುವುದಿಲ್ಲ. ಒಂದು ಕಬ್ಬಿಣದ ಮಂಚ, ಸೀಮೆಎಣ್ಣೆ ಒಲೆ, ಒದ್ದೆ ಬಟ್ಟೆ ನೇತುಹಾಕಲು ಗೋಡೆಯಿಂದ ಗೋಡೆಗೆ ತೂರಿಸಿದ ತುಕ್ಕುಹಿಡಿದ ತೆಳ್ಳನೆಯ ಸಲಾಕೆ, ಗುಡಿಸಲಿನಲ್ಲಿದ್ದದ್ದು ಇಷ್ಟೇ. ಚೋಟಿ ಚಹಾ ಕಾಯಿಸಿ ನನ್ನ ಕೈಗೆ ಲೋಟ ಕೊಟ್ಟಳು. ಬಾಗಿಲಿನಾಚೆ ಮೋಡದಲ್ಲಿ ಆ ಕೊಳವೆ ಕಾಣುತ್ತಿತ್ತು.

"ಹತ್ತಿದ್ದೂ ಆಯ್ತು, ಅಳೆಯೋಕೆ ಮಾತ್ರ ಕೈಯಲ್ಲಿ ಏನೂ ಇಲ್ಲ," ಎಂದಳು.

ನಾನು ಬೆವರು ಒರೆಸಿಕೊಳ್ಳಲು ಕೊರಳಿಗೆ ಕೈ ಹಾಕಿದೆ. ಬೆರಳಿಗೆ ಟೇಪು ತಾಗಿತು. ಅದಿಲ್ಲದೆ ಹೊರಗೆ ಹೊರಟರೆ ನನಗೆ ಬಟ್ಟೆ ಹಾಕಿಕೊಳ್ಳದೆ ಹೊರಟಂತೆ, ಅದಕ್ಕೆ ರೇನ್‌ಕೋಟಿನ ಒಳಗೂ ಅದು ಜೋತುಬಿದ್ದಿತ್ತು. ಚೋಟಿ ನನ್ನನ್ನೂ ಟೇಪನ್ನೂ ನೋಡಿದಳು. ಯಾವ ಅಳತೆಪಟ್ಟಿಯಾದರೂ ನಡೆಯುತ್ತದೆ, ಆದರೆ ವಾಪಸ್ ಹೋದ ಮೇಲೆ ಕಚೇರಿಯವರು ಅದನ್ನು ತಮ್ಮ ಉಕ್ಕಿನ ಪಟ್ಟಿಯ ಪಕ್ಕದಲ್ಲಿಟ್ಟು ನೋಡುತ್ತಾರೆ, ನಿಯಮ ಹಾಗಿದೆ ಎಂದಳು. ನೋಡಲಿ ಬಿಡು, ಮೂವತ್ತು ವರ್ಷದಲ್ಲಿ ಈ ಟೇಪು ಒಂದು ನೂಲಿನಷ್ಟೂ ಸುಳ್ಳು ಹೇಳಿಲ್ಲ ಎಂದೆ.

ರಾತ್ರಿ ಗುಡಿಸಲಿನಲ್ಲೇ ಕಳೆದು ಮರುದಿನ ಬೆಳಿಗ್ಗೆ ಕೆಲಸಕ್ಕೆ ಕೂತೆವು. ಕೊಳವೆಯ ಮೇಲೆ ಟಾರ್ಪಾಲು ಹಿಡಿದೆವು. ಗೋಡೆಯ ಸಲಾಕೆಯನ್ನು ಕಿತ್ತು, ಒಲೆಯ ಮೇಲೆ ಒಣಗಿಸಿ, ಜೇಬಿನ ಡಬ್ಬಿಯಿಂದ ಬಟ್ಟೆಗೆ ಗೆರೆ ಹಾಕುವ ಸುಣ್ಣದ ಬಿಲ್ಲೆ ತೆಗೆದು ಉದ್ದಕ್ಕೂ ಬೆಳ್ಳಗೆ ಉಜ್ಜಿದೆ. ನೀರಿನಲ್ಲಿ ಮುಳುಗಿದಷ್ಟು ಭಾಗದ ಬಿಳುಪು ಹೋಗುತ್ತದೆ, ಉಳಿದದ್ದು ಹಾಗೇ ಇರುತ್ತದೆ. ಇಂಥ ಉಪಾಯ ಜಗತ್ತಿನಲ್ಲಿ ಇನ್ನಾರಿಗೂ ಹೊಳೆದಿರಲಾರದು. ಸಲಾಕೆಯನ್ನು ತಳ ಮುಟ್ಟುವವರೆಗೆ ನೆಟ್ಟಗೆ ಇಳಿಸಿ ಎತ್ತಿದೆ. ಮಂಚದ ಮೇಲೆ ಮಲಗಿಸಿ, ಮದುಮಗನ ಕೋಟಿಗೆ ಅಳತೆ ತೆಗೆಯುವಾಗಿನ ನಿಗಾದಿಂದ ಟೇಪು ಹಿಡಿದೆ.

ಒಂದು ಮೀಟರ್ ನಲವತ್ತೇಳು.

ಇನ್ನೊಮ್ಮೆ ಹಿಡಿದೆ. ಸಲಾಕೆಯನ್ನು ಮತ್ತೆ ಒಣಗಿಸಿ, ಮತ್ತೆ ಸುಣ್ಣ ಹಚ್ಚಿ, ಮತ್ತೆ ಇಳಿಸಿದೆ. ನಲವತ್ತೇಳೇ. ಆಚೆ ಗುಡ್ಡದ್ದು ನಲವತ್ತೆಂಟು.

ಚೋಟಿ ಪೆನ್ಸಿಲ್ ಹಿಡಿದು ಕೂತಿದ್ದಳು. ಗುಡಿಸಲಿನಲ್ಲಿ ನಾವಿಬ್ಬರೇ. ಸುತ್ತ ನಾಲ್ಕು ಮೈಲಿ ಮೋಡ. ಎರಡು ಸೆಂಟಿಮೀಟರ್, ಎರಡೇ ಎರಡು. ಒಂದು ಪೈಪನ್ನು ಎಂಟಡಿ ಹಾವು ಮಾಡಿದವನಿಗೆ ಅದು ಯಾವ ಲೆಕ್ಕ?

"ಮಾಮ," ಎಂದಳು ನನ್ನ ಮುಖ ನೋಡದೆ, "ನೀನು ನಲವತ್ತೊಂಬತ್ತು ಅಂದ್ರೆ ನಾನು ನಲವತ್ತೊಂಬತ್ತು ಅಂತ ಬರೀತೀನಿ."

ನನ್ನ ನಾಲಿಗೆ ಎದ್ದು ತಯಾರಾಗಿ ನಿಂತಿತ್ತು. ನಲವತ್ತೊಂಬತ್ತೇಕೆ, ಎರಡೂವರೆ ಮೀಟರ್ ಎನ್ನಲೂ ಅದು ಸಿದ್ಧ. ಆದರೆ ಟೇಪು ಇನ್ನೂ ಕೈಯಲ್ಲೇ ಇತ್ತು. ಈ ಹುಡುಗಿಯ ಮೊದಲ ಲಂಗಕ್ಕೆ ಅಳತೆ ತೆಗೆದದ್ದು ಇದರಲ್ಲೇ. ಹಟ ಹಿಡಿದು ತುದಿಗಾಲಲ್ಲಿ ನಿಂತು, ನನ್ನನ್ನ ಎತ್ತರ ಅಂತ ಬರ್ಕೋ ಮಾಮ ಎಂದು ಅಂಗಲಾಚಿದ್ದಳು. ಹಿಮ್ಮಡಿ ಕೆಳಗಿಡು, ಇಲ್ಲದಿದ್ದರೆ ಲಂಗ ನೆಲ ಗುಡಿಸುತ್ತದೆ ಎಂದಿದ್ದೆ.

"ಹಿಮ್ಮಡಿ ಕೆಳಗಿಡು ಚೋಟಿ," ಎಂದೆ. "ನಲವತ್ತೇಳು ಅಂತ ಬರಿ."

ಅವಳಿಗೆ ನೆನಪಿತ್ತು. ಮೂಗು ಎಳೆದುಕೊಂಡು ಬರೆದಳು. ನಂತರ ಕೊಳವೆಯ ನಲ್ಲಿ ತಿರುಗಿಸಿ ತಿಂಗಳ ಮಳೆಯನ್ನೆಲ್ಲ ಹುಲ್ಲಿಗೆ ಬಿಟ್ಟಳು. ಇಳಿಯುವಾಗ ನಾನು ಒಂದೂ ಸೊಂಟದ ಸುತ್ತಳತೆ ಹೇಳಲಿಲ್ಲ.

ಶನಿವಾರ ಕಚೇರಿಗೆ ನಾನೂ ಹೋದೆ. ಕೋಲು ಮುರಿದವನು ನಾನು, ಬೈಗುಳದಲ್ಲಿ ನನ್ನ ಪಾಲು ನನಗೇ ಸಿಗಬೇಕಿತ್ತು. ಅಲ್ಲಿನ ಮೇಡಂ ತೆಳ್ಳಗೆ, ನೆಟ್ಟಗೆ ಇದ್ದರು. ಆಸುಪಾಸು, ಹೆಚ್ಚುಕಡಿಮೆ, ಸುಮಾರು ಎಂಬ ಪದಗಳನ್ನು ಜನ್ಮದಲ್ಲೇ ಬಳಸದವರು. ಅಂಥವರ ಎದುರು ಕೂತರೆ ನನಗೆ ಮೈಯೆಲ್ಲ ತುರಿಕೆ. ಅವರು ಚೋಟಿಯ ಪುಸ್ತಕ ನೋಡಿದರು, ನಲವತ್ತೇಳು ಎಂದು ಓದಿದರು, ಆಚೆ ಗುಡ್ಡದ ಕಾಗದ ಪಕ್ಕಕ್ಕೆ ಇಟ್ಟರು. ಚೋಟಿ ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಮೇಡಂ ಕೈ ಚಾಚಿ ನನ್ನ ಟೇಪು ಕೇಳಿದರು. ಮೇಜಿನ ಮೇಲಿದ್ದ ಉಕ್ಕಿನ ಪಟ್ಟಿಯ ಪಕ್ಕದಲ್ಲಿ ಅದನ್ನು ಹಾಸಿದರು. ಕನ್ನಡಕ ಏರಿಸಿದರು, ಇಳಿಸಿದರು, ಮತ್ತೆ ಏರಿಸಿದರು.

"ಇದು ತಪ್ಪು ತೋರಿಸುತ್ತಲ್ರೀ."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಎದ್ದು ನೋಡಿದರೆ ಟೇಪಿನ ಐವತ್ತು ಉಕ್ಕಿನ ಪಟ್ಟಿಯ ಐವತ್ತೊಂದರಲ್ಲಿ ಕೂತಿದೆ. ನೂರು ನೂರ ಎರಡರಲ್ಲಿ. ಮೂವತ್ತು ವರ್ಷ ನನ್ನ ಕೊರಳಲ್ಲಿ ಜೋತುಬಿದ್ದು, ದಪ್ಪ ಹೊಟ್ಟೆಗಳ ಸುತ್ತ ಎಳೆಸಿಕೊಂಡು ಅದು ಹಿಗ್ಗಿಹೋಗಿತ್ತು. ಮೈ ಅಳೆದದ್ದೂ ಅದರಲ್ಲೇ, ಬಟ್ಟೆ ಅಳೆದದ್ದೂ ಅದರಲ್ಲೇ, ಹಾಗಾಗಿ ಒಂದು ತಪ್ಪನ್ನು ಇನ್ನೊಂದು ನುಂಗಿ ಯಾವ ಪ್ಯಾಂಟೂ ವಾಪಸ್ ಬಂದಿರಲಿಲ್ಲ. ಯಾರಿಗೂ ತಿಳಿದೇ ಇರಲಿಲ್ಲ, ನನಗೂ. ನಾನು ತಡವರಿಸಿದೆ. ಸುಳ್ಳು ಹೇಳುವವನು ನಾನು ಮೇಡಂ, ಅದಲ್ಲ, ಹುಡುಗಿಯದು ಏನೂ ತಪ್ಪಿಲ್ಲ ಎಂದೆ.

ಮೇಡಂ ನನ್ನನ್ನು ವಿಚಿತ್ರವಾಗಿ ನೋಡಿದರು. ಚೋಟಿ ಮಾತ್ರ ಟೇಪಿನ ಮೇಲೆ ಬಗ್ಗಿದ್ದಳು. ಅವಳ ತುಟಿ ಅವಳಮ್ಮನ ತುಟಿಯಂತೆಯೇ ಅಲ್ಲಾಡುತ್ತಿತ್ತು.

"ಮೇಡಂ, ಇದು ಜಾಸ್ತಿ ಹೇಳ್ತಿಲ್ಲ. ಕಮ್ಮಿ ಹೇಳ್ತಿದೆ. ಐವತ್ತಕ್ಕೆ ಒಂದು ಸೇರಿಸ್ಬೇಕು."

ಮೇಡಂ ಉದ್ದಕ್ಕೂ ಹತ್ತು ಕಡೆ ಹೋಲಿಸಿ ನೋಡಿದರು. ಎಲ್ಲ ಕಡೆಯೂ ಒಂದೇ ಸಮನಾಗಿ ಹಿಗ್ಗಿತ್ತು, ಹಿಗ್ಗುವುದರಲ್ಲೂ ನನ್ನ ಟೇಪು ಅಷ್ಟು ಶಿಸ್ತಿನದು. ಕಾಗದದ ಮೇಲೆ ಗುಣಿಸಿದರು. ಉತ್ತರದ ಕೆಳಗೆ ಎರಡು ಗೆರೆ ಎಳೆದರು.

"ಒಂದು ಮೀಟರ್ ನಲವತ್ತೊಂಬತ್ತು ಪಾಯಿಂಟ್ ಒಂಬತ್ತು," ಎಂದರು. "ಕೊಳವೆ ಅಲ್ಲೇ ಇರುತ್ತೆ. ನೀವೂ ಇರ್ತೀರಿ."

ಒಂದೂವರೆ ಮೀಟರ್ ಎಂದು ಬರೆದುಬಿಡಿ, ನೋಡಲು ದುಂಡಗಿರುತ್ತದೆ ಎಂದು ನಾನು ಸಲಹೆ ಕೊಟ್ಟೆ. ಮೇಡಂ ಬರೆದದ್ದು ಪಾಯಿಂಟ್ ಒಂಬತ್ತನ್ನೇ. ಚೋಟಿ ಬೆಂಚಿನಿಂದ ಎದ್ದು, ಕಚೇರಿಯ ಎಲ್ಲರ ಎದುರು ನನ್ನ ಕೊರಳಿಗೆ ಜೋತುಬಿದ್ದಳು. ನನ್ನ ಕೊರಳು ಎರಡು ಸೆಂಟಿಮೀಟರ್ ಹಿಗ್ಗಿದ್ದು ಬಹುಶಃ ಆಗಲೇ.

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ಇದ್ದಳು. ಎಷ್ಟಾಯಿತು ಎಂದು ಕಣ್ಣಲ್ಲೇ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅವಳ ತುಟಿ ಭಾಗಾಕಾರಕ್ಕೆ ಶುರುವಿಟ್ಟಿತ್ತು.

"ಅಮ್ಮ, ಈ ಸಲ ಭಾಗಿಸ್ಬೇಡ," ಎಂದಳು ಚೋಟಿ. "ಮಾಮ ಹೇಳಿದ್ದಕ್ಕೆ ಸ್ವಲ್ಪ ಸೇರಿಸ್ಕೋಬೇಕು."

ಅಕ್ಕ ಹಾಗೇ ಗೋಡೆಗೆ ಒರಗಿ ನಿಂತಳು. ಅವಳನ್ನು ಅಷ್ಟು ಗಾಬರಿಯಲ್ಲಿ ನಾನು ಎಂದೂ ಕಂಡಿರಲಿಲ್ಲ.

ಟೇಪನ್ನು ಕಚೇರಿಯವರೇ ಇಟ್ಟುಕೊಂಡರು, ಫೈಲಿಗೆ ದಾರದಲ್ಲಿ ಕಟ್ಟಿ. ಬದಲಿಗೆ ನನಗೊಂದು ಹೊಸದು ಕೊಟ್ಟರು. ಅದರಲ್ಲೇ ಬಟ್ಟೆ ಕತ್ತರಿಸಿ ಮೇಷ್ಟ್ರ ಪ್ಯಾಂಟು ಮುಗಿಸಿದೆ. ಮೂರನೇ ದಿನ ಅವರು ಅದನ್ನು ಹಾಕಿಕೊಂಡೇ ಅಂಗಡಿಗೆ ಬಂದರು. ಕಾಲುಚೀಲ ಪೂರ್ತಿ ಕಾಣುತ್ತಿತ್ತು. ಮೈ ಅಳೆದದ್ದು ಹಳೆಯ ಟೇಪಿನಲ್ಲಿ, ಬಟ್ಟೆ ಕತ್ತರಿಸಿದ್ದು ಹೊಸದರಲ್ಲಿ. ಒಂದು ಲಕ್ಷ ಪ್ಯಾಂಟುಗಳಲ್ಲಿ ವಾಪಸ್ ಬಂದ ಮೊದಲನೆಯದು ಅದು. ನನ್ನ ಸಾಹಸದ ಸುದ್ದಿ ಕೇಳಿ ನೀವೇ ಉಬ್ಬಿ ಎತ್ತರವಾಗಿದ್ದೀರಿ ಮೇಷ್ಟ್ರೇ ಎಂದೆ. ಅವರು ಕನ್ನಡಿಯಲ್ಲಿ ಹಿಂದೆ ಮುಂದೆ ತಿರುಗಿ ನೋಡಿಕೊಂಡರು.

"ಅದಿರ್ಲಿ ಟೈಲರ್ರೇ, ಒಟ್ಟು ಎಷ್ಟು ಸಲ ಹತ್ತಿದಂಗಾಯ್ತು ಈಗ?"

"ನಾಲ್ಕು ಸಲ," ಎಂದೆ.

ಮೂಲೆಯಲ್ಲಿ ತುಂಡುಬಟ್ಟೆಯ ಚೀಲದ ಮೇಲೆ ಕೂತು, ಮುಂದಿನ ತಿಂಗಳಿಗೆಂದು ನೀಲಿ ಪಟ್ಟಿಗಳನ್ನು ಆರಿಸುತ್ತಿದ್ದ ಚೋಟಿ ತಲೆ ಎತ್ತಿದಳು. ಬೆರಳು ಮಡಚಿ ಭಾಗಿಸಿದಳು. ಉತ್ತರ ಸರಿಯಾಗಿ ಬಂದದ್ದಕ್ಕೆ ಅವಳಿಗೆ ಬಂದ ನಗುವನ್ನು ಅಳೆಯಲು ನನ್ನ ಹೊಸ ಟೇಪು ಸಾಲಲಿಲ್ಲ.